ಫ್ಲೂ ಕಿಟ್: ಪೆಟ್ಟಿಗೆಯೊಳಗೆ ಕೆಲಸಕ್ಕೆ ಬರುವುದೆಷ್ಟು?

ಇನ್‌ಫ್ಲುಯೆಂಜಾ ಎಲ್ಲೆಡೆ ಹಬ್ಬಿದಾಗ ಔಷಧಿ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ ‘ಕುಟುಂಬ ರಕ್ಷಣಾ ಕಿಟ್’ ಎಂಬ ಪೆಟ್ಟಿಗೆ ಕಾಣಿಸಿಕೊಳ್ಳುತ್ತದೆ. ಹೆಸರು ಬೇರೆ, ಬಣ್ಣ ಬೇರೆ. ಸರಕು ಹೆಚ್ಚುಕಡಿಮೆ ಒಂದೇ. ಒಂದಿಷ್ಟು ಮಾಸ್ಕ್, ಒಂದು ಬಾಟಲಿ ಸ್ಯಾನಿಟೈಸರ್, ಕೈಗವಸು, ಹಣೆಗೆ ಹಿಡಿಯುವ ಥರ್ಮಾಮೀಟರ್, ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್, ಮೇಜು-ಹಿಡಿಕೆಗಳಿಗೆ ಹೊಡೆಯುವ ಸ್ಪ್ರೇ. ದುಬಾರಿ ಕಿಟ್ ಆದರೆ ವೈರಸ್ ಕೊಲ್ಲಲೆಂದು ಯುವಿ (ಅತಿನೇರಳೆ) ದೀಪದ ಕೋಲೂ ಇರುತ್ತದೆ. ಇಡಿಯಾಗಿ ಕೊಳ್ಳಬೇಡಿ, ಬಿಡಿಬಿಡಿಯಾಗಿ ಆರಿಸಿಕೊಳ್ಳಿ ಎಂಬುದು ನಮ್ಮ ತೀರ್ಪು. ಈ ಕಿಟ್ ಜೋಡಿಸಿದವರ ಲೆಕ್ಕದಲ್ಲಿ ಫ್ಲೂ ಕೈಯಿಂದ ಕೈಗೆ ಹೋಗುವ ಕಾಯಿಲೆ. ಆದರೆ ಅದು ಹೆಚ್ಚಾಗಿ ಹರಡುವುದು ಉಸಿರಿನ ಮೂಲಕ: ಕೆಮ್ಮು, ಸೀನು, ಮಾತಿನ ಹನಿಗಳಲ್ಲಿ, ಗಾಳಿಯಲ್ಲಿ ತೇಲುವ ಇನ್ನೂ ಸಣ್ಣ ಕಣಗಳಲ್ಲಿ. ಸೋಂಕು ತಗುಲಿದವರು ಜ್ವರ ಕಾಣಿಸುವುದಕ್ಕೆ ಸುಮಾರು ಒಂದು ದಿನ ಮೊದಲೇ ಅದನ್ನು ಹರಡಲು ಶುರುಮಾಡಿ, ಆಮೇಲೆ 5ರಿಂದ 7 ದಿನ ಮುಂದುವರಿಸುತ್ತಾರೆ. ಚಿಕ್ಕ ಮಕ್ಕಳು ಇನ್ನೂ ಹೆಚ್ಚು ದಿನ. ಹಾಗಾಗಿ ಹಣ ಮೊದಲು ಹೋಗಬೇಕಾದದ್ದು ಮಾಸ್ಕ್ ಮತ್ತು ಗಾಳಿಯ ಕಡೆಗೆ.

ಕಿಟ್‌ನವರು ಜಿಪುಣತನ ತೋರಿಸುವುದೂ ಮಾಸ್ಕ್‌ನಲ್ಲೇ. ಹೆಚ್ಚಿನ ಪೆಟ್ಟಿಗೆಗಳಲ್ಲಿ ಇರುವುದು ಮೂರು ಪದರದ ಸರ್ಜಿಕಲ್ ಮಾಸ್ಕ್. ಅದರ ನಡುವಿನ ಪದರವೇ ಜೀವಾಳ: ಕೂದಲಿಗಿಂತ ಎಷ್ಟೋ ತೆಳುವಾದ ಎಳೆಗಳು, ಅವುಗಳ ಮೇಲೆ ಸ್ಥಿರ ವಿದ್ಯುತ್ತಿನ ಚಾರ್ಜ್. ಕಣಗಳನ್ನು ಹಿಡಿಯುವುದರಲ್ಲಿ ಈ ಚಾರ್ಜ್‌ನದೇ ದೊಡ್ಡ ಪಾಲು. ಸೋಪಿನಲ್ಲಿ ತೊಳೆದರೆ ಅಥವಾ ಮೇಲೆ ಸ್ಯಾನಿಟೈಸರ್ ಸಿಂಪಡಿಸಿದರೆ ಚಾರ್ಜ್ ಇಳಿದುಹೋಗುತ್ತದೆ, ಮಾಸ್ಕ್ ಮಾತ್ರ ಹೊಸದರಂತೆಯೇ ಕಾಣುತ್ತದೆ. ರೋಗಿ ಹಾಕಿಕೊಳ್ಳಲು ಸರ್ಜಿಕಲ್ ಮಾಸ್ಕ್ ಸಾಕು, ಒದ್ದೆಯಾದ ಕೂಡಲೇ ಬದಲಿಸುವಷ್ಟು ದಾಸ್ತಾನು ಬೇಕು. ದಿನಕ್ಕೆ ಎರಡರಂತೆ ವಾರಕ್ಕೆ 14. ಐದು ಮಾಸ್ಕ್ ಇಟ್ಟು ‘ಇಡೀ ಕುಟುಂಬಕ್ಕೆ’ ಎಂದು ಬರೆದಿರುವ ಪೆಟ್ಟಿಗೆ ಒಬ್ಬ ರೋಗಿಗೆ ಮೂರು ದಿನವೂ ಬರುವುದಿಲ್ಲ.

ಆರೈಕೆ ಮಾಡುವವರಿಗೆ ಬೇಕಾದದ್ದು ಎನ್95 ಅಥವಾ ಅದಕ್ಕೆ ಸಮನಾದದ್ದು. ಎನ್95 ಎಂದರೆ ಹಿಡಿಯಲು ಅತಿ ಕಷ್ಟವಾದ 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲಿ ಕನಿಷ್ಠ ಶೇ 95ನ್ನು ತಡೆಯುವ ಬಟ್ಟೆ. ಯುರೋಪಿನ ಎಫ್‌ಎಫ್‌ಪಿ2 ಮತ್ತು ಕೊರಿಯಾದ ಕೆಎಫ್94ರಲ್ಲಿ ಶೇ 94. ಈ ಒಂದಂಶದ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ. ಬಟ್ಟೆ ಎಷ್ಟೇ ಚೆನ್ನಾಗಿದ್ದರೂ ಕೆನ್ನೆಯ ಪಕ್ಕದಲ್ಲಿ ಸಂದಿಯಿದ್ದರೆ ಗಾಳಿ ಅಲ್ಲಿಂದಲೇ ನುಗ್ಗುತ್ತದೆ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಮಾನ್ಯತೆ ಪಡೆದ ಎನ್95ಗಳಲ್ಲಿ ಟಿಸಿ-84ಎ ಎಂದು ಶುರುವಾಗುವ ಸಂಖ್ಯೆ ಮಾಸ್ಕ್ ಮೇಲೆಯೇ ಅಚ್ಚಾಗಿರುತ್ತದೆ, ತಲೆಯ ಹಿಂದೆ ಹೋಗುವ ಎರಡು ಪಟ್ಟಿಗಳಿರುತ್ತವೆ. ‘ಎನ್95’ ಎಂದು ಬರೆದು ಕಿವಿಗೆ ಸಿಕ್ಕಿಸುವ ದಾರ ಕೊಟ್ಟಿದ್ದರೆ ಅನುಮಾನಪಡಿ.

ಹಾಕಿಕೊಳ್ಳುವ ಕ್ರಮ ಹೀಗೆ: ಮೇಲಿನ ಪಟ್ಟಿ ನೆತ್ತಿಯ ಹಿಂಭಾಗಕ್ಕೆ, ಕೆಳಗಿನದು ಕಿವಿಯ ಕೆಳಗೆ ಕುತ್ತಿಗೆಗೆ. ಮೂಗಿನ ತಂತಿಯನ್ನು ಎರಡೂ ಕೈಬೆರಳುಗಳಿಂದ ನಡುವಿನಿಂದ ಪಕ್ಕಗಳಿಗೆ ಒತ್ತುತ್ತ ಹೋಗಿ. ಒಂದೇ ಕೈಯಿಂದ ಚಿವುಟಿದರೆ ಮೂಗಿನ ಮೇಲೆ ಮೊನೆ ಎದ್ದು ಎರಡೂ ಬದಿ ಸಂದಿ ಬೀಳುತ್ತದೆ. ಆಮೇಲೆ ಮಾಸ್ಕ್ ಸುತ್ತ ಕೈ ಇಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ಬಡಿದರೆ ತಂತಿ ಸಡಿಲ, ಕೆನ್ನೆಗೆ ಬಡಿದರೆ ಪಟ್ಟಿ ಸಡಿಲ. ಗಡ್ಡವಿದ್ದರೆ ಯಾವ ಮಾಸ್ಕೂ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಉಸಿರು ಹೊರಬಿಡುವ ವಾಲ್ವ್ ಇರುವ ಮಾಸ್ಕನ್ನು ರೋಗಿಗೆ ಕೊಡಬೇಡಿ. ಅದು ಹಾಕಿಕೊಂಡವರನ್ನು ಕಾಯುತ್ತದೆ, ಎದುರಿಗಿರುವವರನ್ನಲ್ಲ. ಎರಡು ವರ್ಷದೊಳಗಿನ ಮಕ್ಕಳಿಗಂತೂ ಮಾಸ್ಕ್ ಹಾಕಲೇಬಾರದು.

ಪೆಟ್ಟಿಗೆಯಲ್ಲಿ ಇಲ್ಲದೇ ಇದ್ದು ಮನೆಯಲ್ಲಿ ಇರಬೇಕಾದದ್ದು ಗಾಳಿ ಶುದ್ಧಿಯ ವ್ಯವಸ್ಥೆ. ಮೊದಲ ಉಪಾಯಕ್ಕೆ ದುಡ್ಡೇ ಬೇಡ: ರೋಗಿಯ ಕೋಣೆಯ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಫ್ಯಾನನ್ನು ಹೊರಮುಖವಾಗಿಡಿ. ಹೆಪಾ ಯಂತ್ರ, ಅಂದರೆ ತೀರ ಸಣ್ಣ ಕಣಗಳನ್ನೂ ಹಿಡಿಯುವ ಫಿಲ್ಟರ್ ಇರುವ ಗಾಳಿ ಶುದ್ಧಿ ಯಂತ್ರ, ಕೊಳ್ಳುವುದಾದರೆ ಹೆಪಾ ಎಂಬ ಪದಕ್ಕಿಂತ ಸಿಎಡಿಆರ್ ಎಂಬ ಅಂಕಿ ಮುಖ್ಯ; ಯಂತ್ರ ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಎಂಬ ಲೆಕ್ಕ ಅದು. 4 ಮೀಟರ್ ಉದ್ದ, 3 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯಲ್ಲಿ 36 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲವಾದರೂ ಅದು ಶುದ್ಧವಾಗಬೇಕೆಂದರೆ ಸಿಎಡಿಆರ್ 180 ಘನ ಮೀಟರ್ ಇರಬೇಕು. ಪೆಟ್ಟಿಗೆಯ ಮೇಲೆ ಬರೆಯುವುದು ಅತಿ ಹೆಚ್ಚು ವೇಗದ ಅಂಕಿ. ಸದ್ದಿಗೆ ಬೇಸತ್ತು ರಾತ್ರಿ ವೇಗ ಇಳಿಸಿದರೆ ಶುದ್ಧ ಗಾಳಿಯೂ ಇಳಿಯುತ್ತದೆ, ಆದ್ದರಿಂದ ಲೆಕ್ಕಕ್ಕಿಂತ ದೊಡ್ಡದನ್ನೇ ಆರಿಸಿ. ಅಯಾನು ಅಥವಾ ಓಝೋನ್ ಬಿಡುವ ಯಂತ್ರ ಬೇಡ, ಓಝೋನ್ ಶ್ವಾಸಕೋಶವನ್ನೇ ಕೆರಳಿಸುತ್ತದೆ. 20 ಇಂಚಿನ ಚೌಕ ಫ್ಯಾನ್‌ಗೆ ನಾಲ್ಕು ಮೆರ್ವ್-13 (ಸಣ್ಣ ಕಣ ಹಿಡಿಯುವ ದರ್ಜೆ) ಫಿಲ್ಟರ್‌ಗಳನ್ನು ಟೇಪಿನಿಂದ ಜೋಡಿಸಿ ಮಾಡುವ ಕೋರ್ಸಿ-ರೋಸೆಂತಾಲ್ ಪೆಟ್ಟಿಗೆ ನೋಡಲು ಒರಟು, ಕೆಲಸದಲ್ಲಿ ಗಟ್ಟಿ. ಫಿಲ್ಟರ್ ಮೇಲಿನ ಬಾಣ ಒಳಮುಖವಾಗಿರಬೇಕು, ಫ್ಯಾನ್ ಗಾಳಿಯನ್ನು ಹೊರಕ್ಕೆ ತಳ್ಳಬೇಕು. ಟೇಪ್ ಬಿಟ್ಟ ಮೂಲೆಯಿಂದ ಗಾಳಿ ಫಿಲ್ಟರ್ ತಪ್ಪಿಸಿ ಒಳಗೆ ಹೋಗುತ್ತದೆ.

ಸ್ಯಾನಿಟೈಸರ್ ಇರಲಿ, ಆದರೆ ಚೀಟಿ ಓದಿ. ಆಲ್ಕೋಹಾಲ್ ಕನಿಷ್ಠ ಶೇ 60 ಇರಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಎಥನಾಲ್ ಶೇ 80 ಅಥವಾ ಐಸೊಪ್ರೊಪೈಲ್ ಆಲ್ಕೋಹಾಲ್ ಶೇ 75. ಶೇ 100 ಇದ್ದರೆ ಇನ್ನೂ ಒಳ್ಳೆಯದಲ್ಲವೇ ಎನ್ನುವವರಿದ್ದಾರೆ. ಅಲ್ಲ, ವೈರಸ್‌ನ ಪ್ರೊಟೀನನ್ನು ಕೆಡಿಸಲು ಸ್ವಲ್ಪ ನೀರೂ ಬೇಕು. ಪ್ರಮಾಣ ಬರೆಯದ ಬಾಟಲಿಯನ್ನು ಮುಟ್ಟಬೇಡಿ. ಅಂಗೈ ತುಂಬ ಹಾಕಿಕೊಂಡು ಒಣಗುವವರೆಗೆ, ಅಂದರೆ ಸುಮಾರು 20 ಸೆಕೆಂಡು, ಬೆರಳ ಸಂದಿ ಮತ್ತು ಹೆಬ್ಬೆರಳು ಬಿಡದೆ ಉಜ್ಜಬೇಕು. ಮಗುವಿನ ಸಿಂಬಳ ಒರೆಸಿದ ಕೈಗೆ ಇದು ಸಾಲದು: ಹಸಿ ಲೋಳೆಯ ಒಳಗೆ ಆಲ್ಕೋಹಾಲ್ ಬೇಗ ಇಳಿಯುವುದಿಲ್ಲ. ಅಲ್ಲಿ ಸೋಪು, ಹರಿಯುವ ನೀರು.

ಕೈಗವಸು ಬೇಡ. ಅದನ್ನು ಹಾಕಿಕೊಂಡೇ ಮುಖ ಮುಟ್ಟುತ್ತೇವೆ, ಕೈ ತೊಳೆಯುವುದನ್ನು ಮರೆಯುತ್ತೇವೆ. ಯುವಿ ಕೋಲು ಕಣ್ಣು-ಚರ್ಮಕ್ಕೆ ಅಪಾಯ, ಅಷ್ಟು ಹೊತ್ತು ಒಂದೇ ಕಡೆ ಹಿಡಿಯುವ ತಾಳ್ಮೆಯೂ ಯಾರಿಗೂ ಇರುವುದಿಲ್ಲ. ಗಟ್ಟಿ ಮೇಲ್ಮೈಯಲ್ಲಿ ಫ್ಲೂ ವೈರಸ್ 24ರಿಂದ 48 ಗಂಟೆ ಉಳಿಯಬಲ್ಲದು ಎಂಬುದು ನಿಜ, ಆದರೆ ಅದಕ್ಕೆ ಸುಗಂಧದ ಸ್ಪ್ರೇ ಬೇಕಿಲ್ಲ. ಶೇ 5ರ ಬ್ಲೀಚ್ 20 ಮಿಲಿ, ನೀರು 980 ಮಿಲಿ. ಬಾಗಿಲ ಹಿಡಿಕೆ, ಸ್ವಿಚ್ಚು, ನಲ್ಲಿ ಒರೆಸಲು ಇಷ್ಟೇ ಸಾಕು. ಸ್ವಿಚ್ಚಿಗೆ ನೇರ ಸಿಂಪಡಿಸದೆ ಹಿಂಡಿದ ಬಟ್ಟೆ ಬಳಸಿ. ದಿನಾ ಹೊಸದಾಗಿ ಕಲಸಿ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಹಣೆಯ ಥರ್ಮಾಮೀಟರ್ ಬೆವರು, ಫ್ಯಾನ್ ಗಾಳಿ, ಹಿಡಿಯುವ ದೂರ ಎಲ್ಲಕ್ಕೂ ದಾರಿ ತಪ್ಪುತ್ತದೆ. ನಾಲಿಗೆಯಡಿ ಇಡುವ ಸಾದಾ ಡಿಜಿಟಲ್ ಥರ್ಮಾಮೀಟರ್ ಅಗ್ಗ, ನಂಬಿಕಸ್ತ. ಬಿಸಿಯದೋ ತಣ್ಣನೆಯದೋ ಕುಡಿದಿದ್ದರೆ 15 ನಿಮಿಷ ಕಾಯಿರಿ. ಕಂಕುಳಿನ ಅಳತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಕಡಿಮೆ ತೋರಿಸುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ದಾಟಿದರೆ ಮನೆಮದ್ದು ಬೇಡ, ನೇರ ವೈದ್ಯರ ಬಳಿಗೆ. ಆಕ್ಸಿಮೀಟರ್ ಉಪಯುಕ್ತವೇ, ಆದರೆ ತಣ್ಣಗಾದ ಬೆರಳು, ನೇಲ್ ಪಾಲಿಶ್ ಅಂಕಿಯನ್ನು ಕೆಡಿಸುತ್ತವೆ, ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಹೆಚ್ಚು ತೋರಿಸುವ ದೋಷವೂ ಇದಕ್ಕಿದೆ. ತುಟಿ ನೀಲಿಗಟ್ಟಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಎಳೆದುಕೊಳ್ಳುತ್ತಿದ್ದರೆ ಯಂತ್ರ ಏನು ಹೇಳಿದರೂ ಆಸ್ಪತ್ರೆಗೆ ಹೊರಡಿ.

ಔಷಧದ ಚೀಲವಿರುವ ಕಿಟ್‌ಗಳಲ್ಲಿ ನಮಗೆ ಕಂಡ ದೊಡ್ಡ ಕೊರತೆ ಡೋಸಿಂಗ್ ಸಿರಿಂಜ್, ಅಂದರೆ ಸಿರಪ್ ಅಳೆದು ಬಾಯಿಗೆ ಹಾಕುವ ಸೂಜಿಯಿಲ್ಲದ ಸಿರಿಂಜ್. ಮಕ್ಕಳ ಪ್ಯಾರಾಸಿಟಮಾಲ್ ಪ್ರಮಾಣ ಕಿಲೋ ತೂಕಕ್ಕೆ 15 ಮಿಗ್ರಾಂವರೆಗೆ, ನಾಲ್ಕರಿಂದ ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 12 ಕಿಲೋ ಮಗುವಿಗೆ 180 ಮಿಗ್ರಾಂ. ಅದೇ 180 ಮಿಗ್ರಾಂ, 5 ಮಿಲಿಗೆ 120 ಮಿಗ್ರಾಂ ಇರುವ ಸಿರಪ್‌ನಲ್ಲಿ 7.5 ಮಿಲಿ, 5 ಮಿಲಿಗೆ 250 ಇರುವುದರಲ್ಲಿ 3.6 ಮಿಲಿ, ಮಿಲಿಗೆ 100 ಇರುವ ಹನಿಗಳಲ್ಲಿ ಬರೀ 1.8 ಮಿಲಿ. ಬಾಟಲಿ ಬದಲಾಗಿ ಚಮಚದ ಅಳತೆ ಹಾಗೆಯೇ ಉಳಿದರೆ ಪ್ರಮಾಣ ದುಪ್ಪಟ್ಟು ದಾಟುತ್ತದೆ. ಶೀತದ ಮಿಶ್ರ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಅಡಗಿರುತ್ತದೆ. ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು, ಮಿದುಳು-ಯಕೃತ್ತಿಗೆ ಹಾನಿ ಮಾಡುವ ರೇ ಸಿಂಡ್ರೋಮ್ ಬರಬಹುದು. ಓಆರ್‌ಎಸ್ ಪೊಟ್ಟಣ 200 ಮಿಲಿಯದೋ ಒಂದು ಲೀಟರಿನದೋ ಎಂದು ನೋಡಿಯೇ ಕಲಸಿ.

ಫ್ಲೂ ವೈರಸ್ ವಿರುದ್ಧದ ಔಷಧ ಒಸೆಲ್ಟಾಮಿವಿರ್ ಅನ್ನು ಕಿಟ್‌ನೊಂದಿಗೆ ಮಾರುವವರಿಂದ ದೂರವಿರಿ. ವೈದ್ಯರು ಬರೆದರೆ ವಯಸ್ಕರಿಗೆ 75 ಮಿಗ್ರಾಂ ದಿನಕ್ಕೆರಡು ಸಲ, ಐದು ದಿನ. ಮೂತ್ರಪಿಂಡದ ತೊಂದರೆಯಿದ್ದರೆ ಕಡಿಮೆ. ಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ ಲಾಭ ಹೆಚ್ಚು, ಆದ್ದರಿಂದ ಮನೆಯಲ್ಲಿ ವೃದ್ಧರು, ಗರ್ಭಿಣಿ, ಆಸ್ತಮಾ ಇರುವವರಿದ್ದರೆ ಮೊದಲ ದಿನವೇ ಫೋನ್ ಮಾಡಿ. ಲಸಿಕೆ ಯಾವ ಪೆಟ್ಟಿಗೆಯಲ್ಲೂ ಬರುವುದಿಲ್ಲ. ಹಾಕಿಸಿಕೊಂಡ ಮೇಲೆ ರಕ್ಷಣೆ ಮೂಡಲು ಸುಮಾರು ಎರಡು ವಾರ ಬೇಕು. ಆರು ತಿಂಗಳೊಳಗಿನ ಕೂಸಿಗೆ ಕೊಡುವಂತಿಲ್ಲ, ಅದರ ಸುತ್ತಲಿನವರು ಹಾಕಿಸಿಕೊಳ್ಳಬೇಕು.

ಕೆಲವು ಕಿಟ್‌ಗಳಲ್ಲಿ ವೈರಸ್‌ನ ಪ್ರೊಟೀನ್ ಇದೆಯೇ ಎಂದು ಮನೆಯಲ್ಲೇ ನೋಡುವ ಆಂಟಿಜೆನ್ ಪರೀಕ್ಷೆಯೂ ಇರುತ್ತದೆ. ಪಾಸಿಟಿವ್ ಬಂದರೆ ಬಹುಮಟ್ಟಿಗೆ ನಂಬಬಹುದು. ನೆಗೆಟಿವ್ ಬಂದ ಮಾತ್ರಕ್ಕೆ ಫ್ಲೂ ಇಲ್ಲ ಎಂದು ತಿಳಿದು ಮಗುವನ್ನು ಶಾಲೆಗೆ ಕಳಿಸಬೇಡಿ. ಕೊಳ್ಳುವ ಮುನ್ನ ಪರೀಕ್ಷೆಯ ಅವಧಿ ಮುಗಿಯುವ ದಿನಾಂಕ ನೋಡಿ. ಹೊರ ಪೆಟ್ಟಿಗೆಯ ಮೇಲೆ ಒಂದು ದಿನಾಂಕ, ಒಳಗಿನ ಪೊಟ್ಟಣದ ಮೇಲೆ ಇನ್ನೊಂದು ಇದ್ದರೆ ಒಳಗಿನದನ್ನೇ ನಂಬಿ.