ಸಾಹಿತಿಗಳೇ ಪಾತ್ರಗಳಾದ ಮೂರು ಫ್ಯಾಂಟಸಿಗಳು: ನನ್ನ ವೋಟು ‘ಅನ್ಯೂಬಿಸ್ ಗೇಟ್ಸ್’ಗೆ

ಹಳೆಯ ಸಾಹಿತಿಗಳನ್ನೇ ಪಾತ್ರ ಮಾಡಿಕೊಂಡ ಫ್ಯಾಂಟಸಿ ಓದಬೇಕು, ಯಾವುದನ್ನು ಕೊಳ್ಳಲಿ ಅಂತ ಯಾರು ಕೇಳಿದರೂ ನಾನು ಹೇಳುವುದು ಒಂದೇ ಹೆಸರು. ಟಿಮ್ ಪವರ್ಸ್ 1983ರಲ್ಲಿ ಬರೆದ ‘ದಿ ಅನ್ಯೂಬಿಸ್ ಗೇಟ್ಸ್’. ಕೆಲಸಕ್ಕೆ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗಿ ಬರುವವಳು ನಾನು. ನನ್ನ ಓದೆಲ್ಲ ಆ ಬಸ್ಸಿನಲ್ಲೇ ನಡೆಯುತ್ತದೆ. ಈ ಪುಸ್ತಕ ಕೈಯಲ್ಲಿದ್ದಾಗ ಭರಮಸಾಗರ ಬಂದು ಹೋಗಿದ್ದೇ ಗೊತ್ತಾಗುತ್ತಿರಲಿಲ್ಲ.

ಇದರ ಜೊತೆ ಇನ್ನೆರಡು ಓದಿದೆ. ಜೇಮ್ಸ್ ಓವೆನ್ ಬರೆದ ‘ಹಿಯರ್, ದೇರ್ ಬಿ ಡ್ರ್ಯಾಗನ್ಸ್’ (2006), ಫಿಲಿಪ್ ಹೋಸೆ ಫಾರ್ಮರ್ ಬರೆದ ‘ಟು ಯುವರ್ ಸ್ಕ್ಯಾಟರ್ಡ್ ಬಾಡೀಸ್ ಗೋ’ (1971). ಮೂರನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ: ಕತೆಯೊಳಗೆ ಬಂದ ಸಾಹಿತಿ ಸಾಹಿತಿಯಾಗಿರುವುದರಿಂದ ಕತೆಗೆ ಏನಾಯಿತು? ಅವನ ಹೆಸರು ತೆಗೆದು ಬೇರೆ ಯಾರನ್ನೋ ಕೂರಿಸಿದರೂ ಕತೆ ಹಾಗೇ ನಡೆಯುತ್ತದೆ ಅಂದರೆ, ಅವನನ್ನು ಕರೆತಂದದ್ದು ಯಾಕೆ?

ಓವೆನ್ ಪುಸ್ತಕ ನನಗೆ ಬೇಸರ ತಂದದ್ದು ಇಲ್ಲೇ. 1917ರ ಲಂಡನ್. ಒಬ್ಬ ಪ್ರೊಫೆಸರ್ ಕೊಲೆಯಾಗುತ್ತದೆ. ಜಾನ್, ಜ್ಯಾಕ್, ಚಾರ್ಲ್ಸ್ ಎಂಬ ಮೂವರ ಕೈಗೆ ಒಂದು ವಿಚಿತ್ರ ಭೂಪಟದ ಪುಸ್ತಕ ಬರುತ್ತದೆ. ಕಲ್ಪನೆಯ ದ್ವೀಪಗಳೆಲ್ಲ ಅದರಲ್ಲಿವೆ. ಆ ಮೂವರು ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್, ‘ನಾರ್ನಿಯಾ’ ಕತೆಗಳ ಸಿ. ಎಸ್. ಲೂಯಿಸ್ ಮತ್ತು ಅವರ ಗೆಳೆಯ, ಕಾದಂಬರಿಕಾರ ಚಾರ್ಲ್ಸ್ ವಿಲಿಯಮ್ಸ್ ಅನ್ನುವುದನ್ನು ಕೊನೆಯವರೆಗೂ ಬಚ್ಚಿಟ್ಟಿದ್ದಾರೆ, ಆದರೆ ಈ ಲೇಖಕರ ಪರಿಚಯ ಇದ್ದವರಿಗೆ ಬೇಗನೇ ಗೊತ್ತಾಗುತ್ತದೆ.

ನಿಜದಲ್ಲಿ ಟೋಲ್ಕಿನ್ ಮತ್ತು ಲೂಯಿಸ್ ಭೇಟಿಯಾದದ್ದು 1926ರಲ್ಲಿ. ಇಸವಿ ತಪ್ಪಿದ್ದಕ್ಕೆ ನನ್ನ ತಕರಾರಿಲ್ಲ. ನಮ್ಮ ಭೋಜ–ಕಾಳಿದಾಸರ ಕತೆಗಳಲ್ಲೂ ಹಾಗೇ ಅಲ್ವಾ? ಭೋಜ 11ನೇ ಶತಮಾನದವನು. ಅವನ ಆಸ್ಥಾನದಲ್ಲಿ ಕಾಳಿದಾಸ, ಬಾಣ, ಭವಭೂತಿ ಎಲ್ಲರನ್ನೂ ಒಟ್ಟಿಗೆ ಕೂರಿಸಿದ್ದಾರೆ. ಆದರೆ ಅಲ್ಲಿ ಕಾಳಿದಾಸ ಕಾಳಿದಾಸನಾಗಿಯೇ ಇರುತ್ತಾನೆ. ‘ಠಂ ಠಠಂ ಠಂ’ ಅಂತ ಅರ್ಥವಿಲ್ಲದ ಸಾಲು ಕೊಟ್ಟರೆ, ಮೆಟ್ಟಿಲ ಮೇಲೆ ಉರುಳಿದ ಚಿನ್ನದ ಕೊಡದ ಸದ್ದು ಅದು ಅಂತ ಪದ್ಯ ಕಟ್ಟುತ್ತಾನೆ. ಕವಿತೆ ಇಲ್ಲದಿದ್ದರೆ ಆ ಕತೆಯೇ ಇಲ್ಲ.

ಓವೆನ್ ಮಾಡಿದ್ದು ಇದರ ಉಲ್ಟಾ. ಅವರ ಜಾನ್ ಹಳೆಯ ಭಾಷೆಗಳ ಪಾಠವನ್ನು ನೆಟ್ಟಗೆ ಓದದೆ ಬಿಟ್ಟ ಹುಡುಗ. ಅದಕ್ಕೇ ಭೂಪಟದ ಬರಹ ಅವನಿಗೆ ಬಿಡಿಸಲು ಬರುವುದಿಲ್ಲ. ಟೋಲ್ಕಿನ್‌ಗೆ ಹೀಗಾ? ಚಿಕ್ಕಂದಿನಿಂದಲೇ ತಾನೇ ಭಾಷೆಗಳನ್ನು ಕಟ್ಟಿದವರು, 1915ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮೊದಲ ದರ್ಜೆ ಪಡೆದವರು ಅವರು. ಇದನ್ನು ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು.

ಅದಕ್ಕಿಂತ ಜಾಸ್ತಿ ನೋವಾದದ್ದು ಇನ್ನೊಂದಕ್ಕೆ. ಇವರು ಮುಂದೆ ಬರೆಯುವ ಕತೆಗಳ ಮೂಲವೆಲ್ಲ ಆ ದ್ವೀಪಗಳಲ್ಲೇ ಇದೆ ಅನ್ನುವ ಹಾಗೆ ಪುಸ್ತಕ ಸಾಗುತ್ತದೆ. ಕಂಡದ್ದನ್ನು ಬರೆದುಕೊಂಡರೆ ಅದು ವರದಿ ಆಯಿತು. ಕಲ್ಪನೆ ಎಲ್ಲಿ ಹೋಯಿತು? 1916ರ ಕೊನೆಗೆ ಟೋಲ್ಕಿನ್ ಮೊದಲ ಮಹಾಯುದ್ಧದ ಸೋಮ್ ಯುದ್ಧಭೂಮಿಯಿಂದ ಜ್ವರ ಹಿಡಿದು ವಾಪಸಾದರು. ಆಸ್ಪತ್ರೆಯಲ್ಲಿ ಮಲಗಿಕೊಂಡೇ ಗೊಂಡೊಲಿನ್ ಎಂಬ ನಗರದ ಪತನದ ಕತೆ ಬರೆದರು. ಆ ಹಾಸಿಗೆ, ಆ ಜ್ವರ, ಆ ತಲೆ. ಇದಕ್ಕಿಂತ ದೊಡ್ಡ ಮಾಯೆ ಯಾವ ದ್ವೀಪದಲ್ಲಿ ಸಿಗುತ್ತೆ?

ಈಗ ಪವರ್ಸ್. ಡಾಯ್ಲ್ ಅಂತ ಒಬ್ಬ ಪ್ರೊಫೆಸರ್. ಕವಿ ಕೋಲ್‌ರಿಜ್ ಬಗ್ಗೆ ಓದಿಕೊಂಡವನು. ದುಡ್ಡಿದ್ದವನೊಬ್ಬ ಕಾಲದ ಬಾಗಿಲು ಹುಡುಕಿ, ಕೋಲ್‌ರಿಜ್‌ನ ಭಾಷಣ ಕೇಳಿಸಲು 1810ಕ್ಕೆ ಜನರನ್ನು ಕರೆದೊಯ್ಯುತ್ತಾನೆ. ಡಾಯ್ಲ್ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾನೆ. ಆಶ್‌ಬ್ಲೆಸ್ ಎಂಬ ಕವಿ ಯಾವ ದಿನ ಯಾವ ಕಾಫಿ ಹೌಸಿನಲ್ಲಿ ಕೂತು ಪದ್ಯ ಬರೆದ ಅಂತ ಅವನಿಗೆ ಗೊತ್ತು. (ಈ ಆಶ್‌ಬ್ಲೆಸ್ ಮಾತ್ರ ಕಲ್ಪಿತ ಕವಿ.) ಹೋಗಿ ಕಾಯುತ್ತಾನೆ. ಕವಿ ಬರುವುದಿಲ್ಲ. ಪದ್ಯ ಡಾಯ್ಲ್‌ಗೆ ಬಾಯಿಪಾಠ. ಮುಂದಿನದನ್ನು ಹೇಳುವುದಿಲ್ಲ, ಓದಿ.

ಕೋಲ್‌ರಿಜ್‌ಗೆ ಅಫೀಮಿನ ಚಟ ಇದ್ದದ್ದು ಎಲ್ಲರಿಗೂ ಗೊತ್ತು. ಇಲ್ಲಿ ಅವನನ್ನು ಅಮಲಿನಲ್ಲಿ ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾರೆ. ಸುತ್ತ ಕೂಡಿಹಾಕಿದ್ದ ವಿಕಾರ ಜೀವಿಗಳೆಲ್ಲ ತನ್ನ ತಲೆಯಲ್ಲೇ ಹುಟ್ಟಿದವು ಅಂದುಕೊಂಡು ಅವುಗಳನ್ನು ಬಿಡಿಸಿಬಿಡುತ್ತಾನೆ! ಬೇರೆ ಯಾರಿದ್ದರೂ ಹೆದರಿ ಓಡುತ್ತಿದ್ದರು. ಕವಿ ಬೈರನ್ ವಿಷಯವೂ ಹಾಗೇ. 1810ರಲ್ಲಿ ಅವನಿದ್ದದ್ದು ಗ್ರೀಸ್‌ನಲ್ಲಿ, ಆದರೆ ಲಂಡನ್ನಿನಲ್ಲಿ ಕಂಡೆವು ಅಂದವರಿದ್ದರು. ಆ ಸಣ್ಣ ಗಾಳಿಮಾತಿಗೆ ಪವರ್ಸ್ ಮಾಟದ ಕಾರಣ ಕೊಡುತ್ತಾರೆ. ದೇಹ ಬದಲಿಸುವ ಪ್ರಸಂಗಗಳಲ್ಲಿ ಯಾರು ಯಾರು ಅಂತ ಎರಡೆರಡು ಸಲ ಓದಬೇಕಾಗುತ್ತದೆ, ಅಷ್ಟೇ. ಹಿಂಸೆ ಇದೆ, ಮಕ್ಕಳಿಗೆ ಬೇಡ.

ಫಾರ್ಮರ್ ಪುಸ್ತಕಕ್ಕೆ 1972ರ ಹ್ಯೂಗೋ ಪ್ರಶಸ್ತಿ (ವೈಜ್ಞಾನಿಕ ಕತೆ, ಫ್ಯಾಂಟಸಿಗಳಿಗೆ ಕೊಡುವ ಪ್ರಶಸ್ತಿ) ಬಂದಿದೆ. ಸತ್ತವರೆಲ್ಲ ಒಂದು ಮಹಾನದಿಯ ದಡದಲ್ಲಿ ಎದ್ದು ಕೂರುತ್ತಾರೆ. ಅರೇಬಿಯನ್ ನೈಟ್ಸ್ ಅನುವಾದಿಸಿದ ರಿಚರ್ಡ್ ಬರ್ಟನ್ ನಾಯಕ. ಬದುಕಿದ್ದಾಗ ನೈಲ್ ನದಿಯ ಮೂಲ ಹುಡುಕಲು ಹೋಗಿದ್ದವನು ಇಲ್ಲೂ ನದಿಯ ಮೂಲ ಹುಡುಕುತ್ತಾನೆ. ಇದು ಚೆನ್ನಾಗಿ ಕೂತಿದೆ. ವಂಡರ್‌ಲ್ಯಾಂಡ್ ಕತೆಗೆ ಕಾರಣಳಾದ ಆಲಿಸ್ ಕೂಡ ಇದ್ದಾಳೆ, ಅವಳನ್ನು ಮಾತ್ರ ಸುಮ್ನೆ ತಂದು ನಿಲ್ಲಿಸಿದ್ದಾರೆ. ದುರ್ಗದ ನನ್ನ ಗೆಳತಿಗೆ ಇದೇ ಇಷ್ಟ. “ನಿನಗೆ ಕವಿತೆ ಹುಚ್ಚು ಕಣೇ, ಅದಕ್ಕೇ ಹಂಗಂತೀಯ” ಅಂತಾಳೆ. ಇರಬಹುದು. ಆದರೂ ಬರ್ಟನ್ ಇಲ್ಲಿ ಸಾಹಸಿ, ಬರಹಗಾರ ಅಲ್ಲ.

ದುಡ್ಡಿನ ಲೆಕ್ಕವೂ ಇದೆ. ಓವೆನ್ ಸರಣಿ ಏಳು ಪುಸ್ತಕ. ಫಾರ್ಮರ್ ಎತ್ತಿದ ಪ್ರಶ್ನೆಗಳಿಗೆ ಮೊದಲ ಭಾಗದಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ. ಪವರ್ಸ್ ಒಂದೇ ಪುಸ್ತಕದಲ್ಲಿ ಕತೆ ಮುಗಿಸುತ್ತಾರೆ. ಸಂಜೆ ಬಸ್ಸಿನಲ್ಲಿ ಲೈಟ್ ಆರಿಸುತ್ತಾರೆ, ಹಾಗಾಗಿ ನಾನು ಫೋನಿನಲ್ಲೇ ಓದುವುದು, ಇ-ಪುಸ್ತಕ ಸಾಕಾಯಿತು. ಹೈಸ್ಕೂಲ್ ಮಕ್ಕಳಿರುವ ಮನೆಗೆ ಓವೆನ್ ಪರವಾಗಿಲ್ಲ, ಹಡಗು, ಡ್ರ್ಯಾಗನ್ ಎಲ್ಲ ಇದೆ. ಫಾರ್ಮರ್‌ನ ಎರಡನೇ ಭಾಗದಲ್ಲಿ ಮಾರ್ಕ್ ಟ್ವೇನ್ ದೋಣಿ ಕಟ್ಟುತ್ತಾನಂತೆ. ಅದನ್ನು ಗೆಳತಿಯ ಹತ್ತಿರ ಇಸ್ಕೊಂಡು ಓದುತ್ತೇನೆ, ಕೊಳ್ಳುವುದಿಲ್ಲ.