ಗೆಣಸಿನ ಪಲ್ಯ: ಕುದಿಸಿ ಮಾಡುವುದೋ, ಹಸಿಯದನ್ನೇ ಹುರಿಯುವುದೋ?

ಶಿವರಾತ್ರಿ ಹತ್ತಿರವಾದರೆ ಹುಬ್ಬಳ್ಳಿಯ ಜನತಾ ಬಜಾರಿನಲ್ಲಿ ಮಣ್ಣು ಮೆತ್ತಿದ ಗೆಣಸಿನ ರಾಶಿ. ಉಪವಾಸಕ್ಕೆ ಕುದಿಸಿದ್ದು ಉಳಿದಿದ್ದರೆ ಮರುದಿನದ ಪಲ್ಯ 10 ನಿಮಿಷದ ಕೆಲಸ: ಒಗ್ಗರಣೆ, ಹಸಿಮೆಣಸಿನಕಾಯಿ, ಲಿಂಬೆರಸ. ಚಪಾತಿಗೆ ಸಾಕು. ಆದರೆ ಕುಕ್ಕರಿನಲ್ಲಿ ಒಂದು ಸೀಟಿ ಹೆಚ್ಚಾದರೂ ಮುದ್ದೆಯೇ.

ಜೋಳದ ರೊಟ್ಟಿಗಾದರೆ ನಾನು ಹಸಿ ಗೆಣಸನ್ನೇ ಹೆಚ್ಚುತ್ತೇನೆ. ಹೋಳುಗಳನ್ನು ಕೂಡಲೇ ನೀರಿಗೆ ಹಾಕಬೇಕು, ಇಲ್ಲವಾದರೆ ಕಪ್ಪಾಗುತ್ತವೆ. ಎಣ್ಣೆ ತುಸು ಧಾರಾಳವಾಗಿರಲಿ. ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ 15 ನಿಮಿಷ ಬಿಟ್ಟರೆ ಅಂಚು ಕೆಂಪಗಾಗಿ ಒಳಗೆ ಮೆತ್ತಗಾಗುತ್ತದೆ. ಬ್ಯಾಡಗಿ ಮೆಣಸಿನ ಖಾರ, ಗುರೆಳ್ಳು ಪುಡಿ ಆಮೇಲೆ. ಹುಣಸೆರಸವಂತೂ ಕಟ್ಟಕಡೆಗೆ; ಮೊದಲೇ ಹಾಕಿದರೆ ಹೋಳು ಬೇಯಲು ಹಟ ಮಾಡುತ್ತದೆ. ಬೆಲ್ಲ ಬೇಡ, ಗೆಣಸೇ ಸಿಹಿ. ನಮ್ಮ ಅತ್ತೆಯವರು ಮಾತ್ರ ಒಂದು ಚೂರನ್ನು ಮೆಲ್ಲನೆ ಹಾಕಿಬಿಡುತ್ತಾರೆ.