ಝೀ ಚಾರ್ ಊಟಕ್ಕೆ ಕೂರುವ ಮುಂಚೆ ಓದಿ: ಆರು ಜನಕ್ಕೆ 193 ಡಾಲರ್ ಹೇಗಾಯಿತು

ಸಿಂಗಪುರದ ಒಂದು ಎಚ್‌ಡಿಬಿ (ಸರ್ಕಾರಿ ವಸತಿ) ಬ್ಲಾಕಿನ ಕೆಳಗಿರುವ ಕೋಪಿಟಿಯಾಮ್, ಅಂದರೆ ಹಲವು ಊಟದ ಅಂಗಡಿಗಳು ಒಂದೇ ಸೂರಿನಡಿ ಇರುವ ಕಾಫಿ ಶಾಪ್. ಶನಿವಾರ ರಾತ್ರಿ ಏಳೂಮುಕ್ಕಾಲು. ಊರಿಂದ ಬಂದಿದ್ದ ಹಿರಿಯರಿಬ್ಬರೂ ಸೇರಿ ಮೇಜಿನ ಸುತ್ತ ಆರು ಜನ. ಊಟ ಮುಗಿದ ಮೇಲೆ ಬಂದ ಬಿಲ್ಲು 193 ಸಿಂಗಪುರ ಡಾಲರ್. ದುಡ್ಡಿಗಿಂತ ಹೆಚ್ಚು ನೋವಾದದ್ದು ಬೇರೆ ಕಾರಣಕ್ಕೆ. ಸಸ್ಯಾಹಾರಿಗಳಾದ ಹಿರಿಯರಿಬ್ಬರೂ ಅಷ್ಟು ಹೊತ್ತು ಕೂತು ಉಂಡದ್ದು ಬರೀ ಬಿಳಿ ಅನ್ನ.

ಅಂಗಡಿಯವರು ಮೋಸ ಮಾಡಲಿಲ್ಲ. ಬೋರ್ಡಿನಲ್ಲಿ ಇದ್ದ ದರವನ್ನೇ ಹಾಕಿದ್ದರು. ತಪ್ಪಿದ್ದು ಆರ್ಡರ್ ಕೊಟ್ಟ ರೀತಿಯಲ್ಲಿ. ಇದೇ ತಪ್ಪನ್ನು ಇಲ್ಲಿಗೆ ಹೊಸದಾಗಿ ಬಂದ ಕನ್ನಡದ ಕುಟುಂಬಗಳು ಮತ್ತೆ ಮತ್ತೆ ಮಾಡುತ್ತವೆ, ಆಮೇಲೆ 'ಚೈನೀಸ್ ಊಟ ನಮಗಲ್ಲ' ಎಂದು ಮಾಲ್‌ನ ಫುಡ್‌ಕೋರ್ಟಿಗೆ ಹೋಗುತ್ತವೆ. ಹಾಗಾಗಬಾರದು ಎಂದು ಆ ಬಿಲ್ಲನ್ನು ಸಾಲು ಸಾಲಾಗಿ ಬಿಡಿಸಿ ಇಡುತ್ತಿದ್ದೇವೆ.

ಝೀ ಚಾರ್ ಅಂದರೆ ಹೊಕ್ಕಿಯೆನ್ ಎಂಬ ಚೀನೀ ಮಾತಿನಲ್ಲಿ 'ಬೇಯಿಸು, ಹುರಿ' ಎಂದರ್ಥ. ಇಲ್ಲಿನ ಚೀನೀ ಮನೆಗಳಲ್ಲಿ ಮಾಡುವಂಥ ಅಡಿಗೆಯನ್ನೇ ದೊಡ್ಡ ಉರಿಯ ಬಾಣಲೆಯಲ್ಲಿ ಆಗಿಂದಾಗ ಮಾಡಿಕೊಡುತ್ತಾರೆ: ಹಾಗಲಕಾಯಿ ಹಾಕಿದ ಆಮ್ಲೆಟ್, ಬೆಳ್ಳುಳ್ಳಿಯಲ್ಲಿ ಬಾಡಿಸಿದ ಸೊಪ್ಪು, ಶುಂಠಿ ಮತ್ತು ಈರುಳ್ಳಿ ದಂಟಿನ ಜೊತೆ ಮೀನಿನ ಹೋಳು. ಎಲ್ಲವನ್ನೂ ಮೇಜಿನ ನಡುವೆ ಇಟ್ಟು ಅನ್ನದ ಜೊತೆ ಹಂಚಿಕೊಂಡು ತಿನ್ನುವುದು. ನಾಲ್ಕು ಜನರ ಮನೆಯವರು ತಿಂಗಳಿಗೆರಡು ಸಲ ಹೊರಗೆ ಉಣ್ಣಲು ಇದಕ್ಕಿಂತ ಒಳ್ಳೆಯ ಜಾಗ ಈ ಊರಲ್ಲಿ ಕಡಿಮೆ. ಮಾಲ್‌ನ ರೆಸ್ಟೋರೆಂಟುಗಳಲ್ಲಿ ದರದ ಪಕ್ಕ ಎರಡು ಪ್ಲಸ್ ಗುರುತು ಇರುತ್ತದೆ. ಮೊದಲು ಶೇ. 10 ಸರ್ವಿಸ್ ಚಾರ್ಜ್, ಆ ಮೊತ್ತದ ಮೇಲೆ ಶೇ. 9 ಜಿಎಸ್‌ಟಿ, ಹೀಗೆ 100 ಡಾಲರ್ ಊಟ 119.90 ಆಗುತ್ತದೆ. ಕೋಪಿಟಿಯಾಮ್‌ನಲ್ಲಿ ಸಾಮಾನ್ಯವಾಗಿ ಬೋರ್ಡಿನಲ್ಲಿ ಕಂಡಷ್ಟೇ ಕೊಡಬೇಕಾದದ್ದು. ಆದರೂ ಬಿಲ್ಲು 193 ಆಯಿತು.

ಅದರಲ್ಲಿ 81 ಡಾಲರ್ ಒಂದೇ ಒಂದು ಮೀನಿನದು. ಬೋರ್ಡಿನಲ್ಲಿ ಹಬೆಯ ಮೀನಿನ ಎದುರು ಅಂಕಿ ಇರಲಿಲ್ಲ, 'ಸೀಸನಲ್ ಪ್ರೈಸ್' ಎಂದು ಬರೆದಿತ್ತು. ಆರ್ಡರ್ ತೆಗೆದುಕೊಳ್ಳಲು ಬಂದ ಆಂಟಿ 'ಇವತ್ತು ಸೂನ್ ಹಾಕ್ ಫ್ರೆಶ್ ಇದೆ, ಒಂಬತ್ತು ಡಾಲರ್' ಎಂದರು. ಒಂಬತ್ತು ಡಾಲರಿಗೆ ಇಡೀ ಮೀನು ಎಂದುಕೊಂಡು ಮೇಜಿನವರು ತಲೆಯಾಡಿಸಿದರು. ಅದು 100 ಗ್ರಾಮಿನ ದರ. ಮೀನು ತೂಗಿದ್ದು 900 ಗ್ರಾಂ. ಈ ತೂಕವೂ ಹೊಟ್ಟೆ ಸೀಳಿ ಶುಚಿ ಮಾಡುವ ಮೊದಲಿನದು. ತಲೆ, ಮೂಳೆ, ಕರುಳು ಹೋದ ಮೇಲೆ ತಟ್ಟೆಗೆ ಬರುವ ಮಾಂಸ ಹೆಚ್ಚುಕಡಿಮೆ ಅರ್ಧ. ಸೂನ್ ಹಾಕ್ ಇಲ್ಲಿ ದುಬಾರಿ ಮೀನುಗಳ ಸಾಲಿನದು. ಸಾಕಣೆಯ ಸೀ ಬಾಸ್ ಕೇಳಿದ್ದರೆ ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತಿತ್ತು.

ಈ 100 ಗ್ರಾಮಿನ ಲೆಕ್ಕ ಹೊಸಬರನ್ನಷ್ಟೇ ಕೆಡವಿಲ್ಲ. 2023ರಲ್ಲಿ ಇಲ್ಲಿನ ಒಂದು ಸೀಫುಡ್ ರೆಸ್ಟೋರೆಂಟಿನಲ್ಲಿ ಜಪಾನಿನ ಪ್ರವಾಸಿಗರಿಗೆ ಒಂದು ಏಡಿಗೆ 938 ಡಾಲರ್ ಬಿಲ್ಲಾಗಿ ಪೊಲೀಸರನ್ನು ಕರೆಸುವ ಮಟ್ಟಕ್ಕೆ ಹೋಯಿತು. ಅದು ಅಲಾಸ್ಕಾದ ಕಿಂಗ್ ಕ್ರ್ಯಾಬ್, 100 ಗ್ರಾಮಿಗೆ 26.80, ತೂಕ ಸುಮಾರು ಮೂರೂವರೆ ಕಿಲೋ. ಗುಣಿಸಿ ನೋಡಿ, ಲೆಕ್ಕ ಸರಿಯಾಗೇ ಇದೆ. 2009ರಲ್ಲಿ ನ್ಯೂಟನ್ ಫುಡ್ ಸೆಂಟರಿನ ಕತೆ ಬೇರೆ: ಅಮೆರಿಕದ ಆರು ಪ್ರವಾಸಿಗರಿಗೆ 491 ಡಾಲರ್ ಬಿಲ್ಲು, ಅದರಲ್ಲಿ ಎಂಟು ಟೈಗರ್ ಸೀಗಡಿಗೇ 239. ಆ ಅಂಗಡಿಯನ್ನು ಮೂರು ತಿಂಗಳು ಮುಚ್ಚಿಸಿದರು. ಅಂದರೆ ಸುಲಿಗೆಗೆ ಶಿಕ್ಷೆ ಇದೆ, ಆದರೆ ಕೇಳದೆ ಒಪ್ಪಿಕೊಂಡ ತೂಕದ ದರಕ್ಕೆ ಯಾರೂ ನೆರವಿಗೆ ಬರುವುದಿಲ್ಲ.

ಆದ್ದರಿಂದ ಮೀನು, ಏಡಿ, ದೊಡ್ಡ ಸೀಗಡಿ, ಕಪ್ಪೆ, ಯಾವುದೇ ಇರಲಿ, ಎರಡು ಪ್ರಶ್ನೆ ಕೇಳದೆ ಹೂಂ ಅನ್ನಬೇಡಿ. ಒಂದು, ಈ ದರ 100 ಗ್ರಾಮಿಗೋ, ಕಿಲೋಗೋ, ಒಂದಕ್ಕೋ? ಎರಡು, ನೀವು ತಂದುಕೊಡುವ ಈ ಮೀನಿಗೆ ಒಟ್ಟು ಎಷ್ಟಾಗುತ್ತದೆ? ಎರಡನೆಯದೇ ಮುಖ್ಯ. 'ಹೋಲ್ ಫಿಶ್, ಟೋಟಲ್ ಹೌ ಮಚ್?' ಎಂದರೆ ಯಾವ ಅಂಕಲ್‌ಗೂ ಅರ್ಥವಾಗುತ್ತದೆ. ಒಟ್ಟು ಮೊತ್ತವನ್ನು ಆರ್ಡರ್ ಚೀಟಿಯ ಮೇಲೆ ಬರೆಸಿಕೊಳ್ಳಿ. ತೂಗುವಾಗ ಎದ್ದು ಹೋಗಿ ನೋಡುವುದರಲ್ಲಿ ಸಂಕೋಚ ಬೇಡ. ಇಲ್ಲಿನವರೂ ಹಾಗೇ ಮಾಡುತ್ತಾರೆ. ಮೀನು ತಿನ್ನುವ ಆಸೆಯಷ್ಟೇ ಇದ್ದು ಇಡೀ ಮೀನು ಬೇಕಿಲ್ಲ ಎಂದರೆ ಫಿಶ್ ಸ್ಲೈಸ್ ಹೇಳಿ. ಅದಕ್ಕೆ ನಿಗದಿಯಾದ ದರ ಇರುತ್ತದೆ, ಮುಳ್ಳೂ ಇರುವುದಿಲ್ಲ.

ಉಳಿದ ಬಿಲ್ಲಿನಲ್ಲಿ ಸಿರಿಯಲ್ ಸೀಗಡಿ ಲಾರ್ಜ್ 32, ಸೀಗಡಿ ಪೇಸ್ಟ್ ಹಚ್ಚಿ ಕರಿದ ಕೋಳಿ ಮೀಡಿಯಂ 20, ಹಾಟ್‌ಪ್ಲೇಟ್ ತೋಫು ಮೀಡಿಯಂ 18, ಸಾಂಬಾಲ್ ಎಂಬ ಮೆಣಸಿನ ಗೊಜ್ಜಿನಲ್ಲಿ ಬಾಡಿಸಿದ ಕಾಂಗ್‌ಕೊಂಗ್ ಸೊಪ್ಪು ಮೀಡಿಯಂ 14, ಫ್ರೈಡ್ ರೈಸ್ ಲಾರ್ಜ್ 15. ಬಿಳಿ ಅನ್ನ ಆರಕ್ಕೆ ಆರು. ಕೇಳದೆಯೇ ಮೇಜಿಗೆ ಬಂದ ಎರಡು ತಟ್ಟೆ ಕಡಲೆಕಾಯಿಗೆ 4, ಒದ್ದೆ ಟಿಶ್ಯೂ ಆರಕ್ಕೆ 3. ಕುಡಿಯುವುದು ಇದರಲ್ಲಿ ಸೇರಿಲ್ಲ, ಕೋಪಿಟಿಯಾಮ್‌ನಲ್ಲಿ ಪಾನೀಯದ ಅಂಗಡಿ ಬೇರೆ, ಅವರ ದುಡ್ಡು ಬೇರೆ. ಕಡಲೆಕಾಯಿ, ಟಿಶ್ಯೂ ಬೇಡದಿದ್ದರೆ ಮುಟ್ಟುವ ಮುಂಚೆಯೇ ವಾಪಸ್ ಕೊಡಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಬಿಲ್ಲಿಗೂ ಸೇರುವುದಿಲ್ಲ.

ಗಮನಿಸಿ, ಒಂದೂ ಸ್ಮಾಲ್ ಇಲ್ಲ. ಬೋರ್ಡಿನಲ್ಲಿ ಪ್ರತಿ ತಿನಿಸಿಗೂ ಮೂರು ದರ ಇರುತ್ತದೆ, ಚಿಕ್ಕದು, ನಡುವಿನದು, ದೊಡ್ಡದು. ನೀವು ಅಳತೆ ಹೇಳದಿದ್ದರೆ, ಮೇಜಿನಲ್ಲಿ ಆರು ಜನ ಕಂಡರೆ ಮೀಡಿಯಂ ಎಂದೇ ಬರೆದುಕೊಳ್ಳುತ್ತಾರೆ. ಸ್ಮಾಲ್ ತಟ್ಟೆ ಅನ್ನದ ಜೊತೆ ಇಬ್ಬರು ಮೂವರಿಗೆ ಪಲ್ಯದಂತೆ ಸಾಕಾಗುತ್ತದೆ. ಎಷ್ಟು ಜನರೋ ಅದಕ್ಕಿಂತ ಒಂದು ಕಡಿಮೆ ತಟ್ಟೆ, ಎಲ್ಲವೂ ಸ್ಮಾಲ್, ತಲೆಗೊಂದು ಅನ್ನ. ಇಷ್ಟು ಹೇಳಿ ಶುರು ಮಾಡಿ. ಸಾಲದಿದ್ದರೆ ಇನ್ನೊಂದು ಹೇಳಬಹುದು, ಹತ್ತು ನಿಮಿಷದಲ್ಲಿ ಬರುತ್ತದೆ. ಅನ್ನ ಹೇಳಿದ ಮೇಲೆ ಫ್ರೈಡ್ ರೈಸ್ ಬೇಡ. ನಮ್ಮವರು ಎರಡನ್ನೂ ಹೇಳಿ ಒಂದನ್ನು ಬಿಟ್ಟು ಏಳುವುದು ಸಾಮಾನ್ಯ. ಚೀನೀ ಹೊಸ ವರ್ಷದ ಹದಿನೈದು ದಿನಗಳಲ್ಲಿ ಬೋರ್ಡಿನ ದರವನ್ನು ನಂಬಬೇಡಿ. ಅನೇಕ ಅಂಗಡಿಗಳು ದರ ಏರಿಸುತ್ತವೆ, ಕೆಲವು ಸೆಟ್ ಮೀಲ್ ಮಾತ್ರ ಕೊಡುತ್ತವೆ.

ಇನ್ನು ಹಿರಿಯರಿಬ್ಬರ ತಟ್ಟೆಯ ವಿಷಯ. ಅವರಿಗಾಗಿಯೇ ತೋಫು ಮತ್ತು ಕಾಂಗ್‌ಕೊಂಗ್ ಸೊಪ್ಪು ಹೇಳಿದ್ದು. 'ನೋ ಮೀಟ್' ಎಂದೂ ಹೇಳಿದ್ದಾಗಿತ್ತು. ಹಾಟ್‌ಪ್ಲೇಟ್ ತೋಫುವಿನ ಮೇಲೆ ಸುರಿಯುವ ಗ್ರೇವಿಯಲ್ಲಿ ಕೊಚ್ಚಿದ ಹಂದಿಮಾಂಸ ಇತ್ತು. ಸಾಂಬಾಲ್ ಕಾಂಗ್‌ಕೊಂಗ್‌ನಲ್ಲಿ ಬೆಳಚಾನ್, ಅಂದರೆ ಸೀಗಡಿಯನ್ನು ಉಪ್ಪು ಹಾಕಿ ಹುಳಿ ಬರಿಸಿ ಒಣಗಿಸಿದ ಗಟ್ಟಿ. ಕರಾವಳಿಯವರಿಗೆ ವಾಸನೆಯಲ್ಲೇ ತಿಳಿದುಬಿಡುತ್ತದೆ. ಬಯಲುಸೀಮೆಯ ಸಸ್ಯಾಹಾರಿಗಳಿಗೆ ಒಂದು ತುತ್ತು ಬಾಯಿಗಿಟ್ಟ ಮೇಲಷ್ಟೇ ಗೊತ್ತಾಗುವುದು.

ಇಲ್ಲಿ ಕೆಡುವುದು ಮಾತಿನಲ್ಲಿ. ಅಡಿಗೆಯವರ ಕಿವಿಗೆ 'ಮೀಟ್' ಎಂದರೆ ಕಣ್ಣಿಗೆ ಕಾಣುವ ಮಾಂಸದ ಹೋಳು, ಅದರಲ್ಲೂ ಹಂದಿ. ಒಣ ಸೀಗಡಿ, ಮೀನಿನ ಪುಡಿ, ಚಿಪ್ಪುಜೀವಿಯಿಂದ ಮಾಡುವ ಆಯ್ಸ್ಟರ್ ಸಾಸ್, ಕೋಳಿ ಎಲುಬಿನ ಸಾರು ಇವೆಲ್ಲ ಅವರಿಗೆ ಮಸಾಲೆ, ಮಾಂಸವಲ್ಲ. ಬೋರ್ಡಿನ 'ವೆಜಿಟೆಬಲ್ಸ್' ವಿಭಾಗದಲ್ಲಿ ಸಸ್ಯಾಹಾರ ಎಂದು ನಂಬಬಹುದಾದದ್ದು ಹೆಚ್ಚುಕಡಿಮೆ ಯಾವುದೂ ಇಲ್ಲ. ಕೈಲಾನ್ ಸೊಪ್ಪಿಗೆ ಆಯ್ಸ್ಟರ್ ಸಾಸ್. ಹುರುಳಿಕಾಯಿಗೆ ಒಣ ಸೀಗಡಿ ಅಥವಾ ಕೊಚ್ಚಿದ ಹಂದಿ. ಬದನೆಕಾಯಿಗೂ ಅದೇ. ಸಾರಿನಲ್ಲಿ ತೇಲುವ ದಂಟಿನ ಸೊಪ್ಪಿಗೆ ಮೂರು ಬಗೆಯ ಮೊಟ್ಟೆ ಮತ್ತು ಪುಟ್ಟ ಒಣಮೀನು. ಹೋರ್ ಫನ್ ಎಂಬ ಅಗಲ ಅಕ್ಕಿ ಶ್ಯಾವಿಗೆಗೆ ಹಂದಿಕೊಬ್ಬಿನ ಕರುಂ ಚೂರು ಉದುರಿಸುವವರಿದ್ದಾರೆ. ಎಲ್ಲವೂ ಒಂದೇ ಬಾಣಲೆಯಲ್ಲಿ. ಒಂದು ತಿನಿಸಿಗೂ ಮತ್ತೊಂದಕ್ಕೂ ನಡುವೆ ಒಂದು ಸೌಟು ನೀರು ಹಾಕಿ ಬ್ರಷ್‌ನಲ್ಲಿ ಉಜ್ಜಿ ಚೆಲ್ಲುತ್ತಾರೆ, ಅಷ್ಟೆ. ಬೀಫ್ ಹೋರ್ ಫನ್ ಮಾಡುವ ಅಂಗಡಿಯಾದರೆ ಅದೂ ಅದೇ ಬಾಣಲೆ. ದನದ ಮಾಂಸ ತಗುಲಬಾರದು ಎನ್ನುವವರು ಬೋರ್ಡಿನಲ್ಲಿ ಬೀಫ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಮ್ಯಾಂಡರಿನ್‌ನಲ್ಲಿ ದನಕ್ಕೆ 'ನ್ಯೂ', ಹಂದಿಗೆ 'ಝೂ'.

ಪಾತ್ರೆಯ ಮಡಿ ಇಲ್ಲ, ಒಳಗೆ ಮಾಂಸದ ಪದಾರ್ಥ ಇರದಿದ್ದರೆ ಸಾಕು ಎನ್ನುವವರು 'ಛಿಂಗ್ ಚಾವ್' ಎಂದು ಹೇಳಿ. ಬರೀ ಎಣ್ಣೆ, ಉಪ್ಪು, ಬೆಳ್ಳುಳ್ಳಿಯಲ್ಲಿ ಬಾಡಿಸಿದ್ದು ಎಂದರ್ಥ. ಜೊತೆಗೆ 'ಪು ಯಾವ್ ಹಾವ್ ಯೋ', ಆಯ್ಸ್ಟರ್ ಸಾಸ್ ಬೇಡ. 'ಪು ಯಾವ್ ಹೇ ಬೀ', ಒಣ ಸೀಗಡಿ ಬೇಡ. ಮೂರನ್ನೂ ಹೇಳಿ, ಬರೆದುಕೊಂಡದ್ದನ್ನು ಓದಿಸಿ ಕೇಳಿ. ಆರ್ಡರ್ ಬರೆಯುವವರು ಬೇರೆ, ಬಾಣಲೆ ಹಿಡಿಯುವವರು ಬೇರೆ, ಚೀಟಿಯಲ್ಲಿ ಇಲ್ಲದ್ದು ಒಲೆಯವರೆಗೆ ತಲುಪುವುದಿಲ್ಲ. ಏಳರಿಂದ ಎಂಟೂವರೆಯ ನೂಕುನುಗ್ಗಲಿನಲ್ಲಿ ಇಂಥ ಕೋರಿಕೆ ಕಳೆದೇ ಹೋಗುತ್ತದೆ. ಆರು ಗಂಟೆಗೇ ಹೋಗಿ ಕೂತರೆ ಅಡಿಗೆಯವರಿಗೆ ಕೇಳಿಸಿಕೊಳ್ಳುವ ಪುರುಸೊತ್ತು ಇರುತ್ತದೆ.

ಆದರೆ ಕಟ್ಟುನಿಟ್ಟಾದ ಸಸ್ಯಾಹಾರಿ ಹಿರಿಯರನ್ನು ಝೀ ಚಾರ್‌ಗೆ ಕರೆದೊಯ್ಯಲೇಬೇಡಿ ಎಂಬುದು ನಮ್ಮ ಮಾತು. ಅವರಿಗೆ ಚೀನೀ ಬೌದ್ಧರ ಸಸ್ಯಾಹಾರದ ಅಂಗಡಿಗಳಿವೆ. ಸಾಲು ಸಾಲು ಊಟದ ಅಂಗಡಿಗಳಿರುವ ಹಾಕರ್ ಸೆಂಟರುಗಳಲ್ಲಿ 'ವೆಜಿಟೇರಿಯನ್' ಎಂಬ ಫಲಕ ಹುಡುಕಿ, 'ವೋ ಚಿ ಸು' ಎನ್ನಿ, ನಾನು ಸಸ್ಯಾಹಾರಿ ಎಂದು. ಇವರಲ್ಲಿ ಅನೇಕರು ಈರುಳ್ಳಿ ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲ. ಚಾತುರ್ಮಾಸ್ಯದ ವ್ರತ ಹಿಡಿದ ನಮ್ಮ ಹಿರಿಯರಿಗೆ ಇದು ಎಷ್ಟು ಅನುಕೂಲ ಎಂಬುದು ಇಲ್ಲಿ ವರ್ಷಗಟ್ಟಲೆ ಇದ್ದವರಿಗೂ ಗೊತ್ತಿರುವುದಿಲ್ಲ. ಬೆಳಗ್ಗೆ ಬೀಹೂನ್ ಶ್ಯಾವಿಗೆ, ಎಲೆಕೋಸು, ಕರಿದ ಸೋಯಾ ಹಾಳೆ, ಹೊಟ್ಟೆ ತುಂಬ ತಿಂದರೂ ನಾಲ್ಕೈದು ಡಾಲರ್. ಎಚ್ಚರ ಎರಡು ಕಡೆ ಬೇಕು. ಮೊಟ್ಟೆಯ ವಿಷಯದಲ್ಲಿ ಅಂಗಡಿಯಿಂದ ಅಂಗಡಿಗೆ ವ್ಯತ್ಯಾಸ ಇದೆ, ಮಾಂಸದಂತೆ ಕಾಣುವ ಗೋಧಿ-ಸೋಯಾ ತುಂಡುಗಳಲ್ಲೂ ಕೆಲವಕ್ಕೆ ಮೊಟ್ಟೆಯ ಬಿಳಿ ಸೇರಿರುತ್ತದೆ, ಕೇಳಿಯೇ ತೆಗೆದುಕೊಳ್ಳಿ. ಇನ್ನೊಂದು, ಇವರಲ್ಲಿ ಬಹಳಷ್ಟು ಜನ ಮಧ್ಯಾಹ್ನ ಎರಡು ಮೂರಕ್ಕೆ ಬಾಗಿಲು ಹಾಕುತ್ತಾರೆ. ಚೀನೀ ತಿಂಗಳ ಮೊದಲನೆಯ ಮತ್ತು ಹದಿನೈದನೆಯ ದಿನ, ಅಂದರೆ ನಮ್ಮ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸು, ಬೌದ್ಧರು ಸಸ್ಯಾಹಾರ ಹಿಡಿಯುವುದರಿಂದ ಸಾಲು ಉದ್ದ ಇರುತ್ತದೆ.

ಒಬ್ಬಿಬ್ಬರೇ ಉಣ್ಣುವುದಾದರೆ ಝೀ ಚಾರ್‌ಗಿಂತ ಮಿಕ್ಸ್ಡ್ ರೈಸ್ ಅಂಗಡಿ ಮೇಲು. ಗಾಜಿನ ಹಿಂದೆ ಇಪ್ಪತ್ತು ಮೂವತ್ತು ಟ್ರೇಗಳಲ್ಲಿ ಮಾಡಿಟ್ಟ ಅಡಿಗೆ, ನೀವು ಬೆರಳು ತೋರಿಸಿದ್ದನ್ನು ಅನ್ನದ ಮೇಲೆ ಹಾಕುತ್ತಾರೆ. ಒಂದು ಮಾಂಸ ಎರಡು ತರಕಾರಿ ಅನೇಕ ಬಡಾವಣೆಗಳಲ್ಲಿ ನಾಲ್ಕೈದು ಡಾಲರಿಗೆ ಸಿಗುತ್ತದೆ. ಹಾಗಿದ್ದೂ ಹನ್ನೆರಡು ಡಾಲರ್ ಕೊಟ್ಟು ಬಂದವರಿದ್ದಾರೆ. ಮೀನಿನ ದಪ್ಪ ಹೋಳು, ದೊಡ್ಡ ಸೀಗಡಿ, ಸೋತೊಂಗ್ ಎಂಬ ಬೊಂಡಾಸ್, ಇವು 'ಮಾಂಸ'ದ ದರಕ್ಕೆ ಬರುವುದಿಲ್ಲ, ಬೇರೆಯೇ ಲೆಕ್ಕ. ತೋಫು, ಮೊಟ್ಟೆಯನ್ನು ಕೆಲವರು ತರಕಾರಿಗೆ ಸೇರಿಸುತ್ತಾರೆ, ಕೆಲವರು ಮಾಂಸಕ್ಕೆ. ಸೌಟು ತಟ್ಟೆಗೆ ಬಿದ್ದ ಮೇಲೆ ವಾಪಸ್ ಇಲ್ಲ, ದರ ಹೇಳುವುದೋ ಕೊನೆಯಲ್ಲಿ. ಬೆರಳು ತೋರಿಸುವ ಮುಂಚೆ 'ದಿಸ್ ಒನ್ ಹೌ ಮಚ್?' ಕೇಳಿ. ಪಾರ್ಸಲ್ ಡಬ್ಬಿಗೆ ಇಪ್ಪತ್ತು ಮೂವತ್ತು ಸೆಂಟ್ ಬೇರೆ. ಮೇಲೆ ಹಾಕುವ ಕರಿ ಗ್ರೇವಿಗೆ ದುಡ್ಡಿಲ್ಲ, ಆದರೆ ಅದು ಮಾಂಸದ್ದು, ಬೇಡವಾದರೆ ಮೊದಲೇ ಹೇಳಿ. ಉಂಡ ಮೇಲೆ ಟ್ರೇಯನ್ನು ರ್‍ಯಾಕಿನಲ್ಲಿಡುವುದು ಹಾಕರ್ ಸೆಂಟರುಗಳಲ್ಲಿ 2021ರಿಂದ, ಕೋಪಿಟಿಯಾಮ್‌ಗಳಲ್ಲಿ 2022ರಿಂದ ಕಡ್ಡಾಯ. ಎರಡನೇ ಸಲ ಸಿಕ್ಕಿಬಿದ್ದರೆ 300 ಡಾಲರ್ ದಂಡ.

ಅಗ್ಗದ ಊಟ ಎಲ್ಲಿ ಎಂದು ಹುಡುಕಲು 'ಬಜೆಟ್‌ಮೀಲ್ ಗೋವೇರ್' ಎಂಬ ಸರ್ಕಾರಿ ಜಾಲತಾಣ ಇದೆ. ಪಿನ್‌ಕೋಡ್ ಹಾಕಿದರೆ ಹತ್ತಿರದ ಎಚ್‌ಡಿಬಿ ಕಾಫಿ ಶಾಪ್‌ಗಳ ಬಜೆಟ್ ಊಟ ಮತ್ತು ದರ ತೋರಿಸುತ್ತದೆ. ಈ ತಿನಿಸುಗಳ ಬೋರ್ಡು ಅಂಗಡಿಯಲ್ಲಿ ಮೂಲೆಯಲ್ಲಿ ಇರುವುದುಂಟು, ಕೇಳಿದರಷ್ಟೇ ಕೊಡುತ್ತಾರೆ.

ಅದೇ ಆರು ಜನ, ಅದೇ ಕೋಪಿಟಿಯಾಮ್, ಹೀಗೆ ಉಣ್ಣಬಹುದಿತ್ತು. ಹಿರಿಯರಿಬ್ಬರಿಗೆ ಸಸ್ಯಾಹಾರದ ಅಂಗಡಿಯಿಂದ ಎರಡು ತಟ್ಟೆ, 8 ಡಾಲರ್. ಸಂಜೆ ಆ ಅಂಗಡಿ ತೆರೆದಿದೆಯೇ ಎಂದು ಮುಂಚೆ ನೋಡಿಕೊಂಡಿರಬೇಕು, ಇಲ್ಲವಾದರೆ ಮಧ್ಯಾಹ್ನವೇ ಹೋಗಬೇಕು. ಬೇರೆ ಅಂಗಡಿಯ ತಟ್ಟೆಯನ್ನು ಝೀ ಚಾರ್ ಮೇಜಿಗೆ ತರಬಹುದೇ ಎಂದು ಆಂಟಿಯನ್ನು ಕೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಉಳಿದ ನಾಲ್ವರಿಗೆ ಕೋಳಿ ಸ್ಮಾಲ್ 14, ಶುಂಠಿಯ ಫಿಶ್ ಸ್ಲೈಸ್ ಸ್ಮಾಲ್ 16, ಕೈಲಾನ್ ಸ್ಮಾಲ್ 10, ಅನ್ನ 4, ಸಾಲದೆ ಆಮೇಲೆ ಹೇಳಿದ ಹಾಗಲಕಾಯಿ ಆಮ್ಲೆಟ್ ಸ್ಮಾಲ್ 10. ಒಟ್ಟು 62 ಡಾಲರ್.

ಬಿಲ್ಲಿನಲ್ಲಿ ನೀವು ಹೇಳದ್ದು ಸೇರಿದ್ದರೆ ದುಡ್ಡು ಕೊಡುವ ಮುಂಚೆಯೇ ಆರ್ಡರ್ ಚೀಟಿ ತರಿಸಿ, ಒಂದೊಂದಾಗಿ ತೋರಿಸಿ ಕೇಳಿ. ದನಿ ಏರಿಸಬೇಕಿಲ್ಲ, ಬಹುಪಾಲು ಅಲ್ಲೇ ಸರಿಮಾಡುತ್ತಾರೆ. ಒಪ್ಪದಿದ್ದರೆ ಬಿಲ್ಲು ಮತ್ತು ದರದ ಬೋರ್ಡು ಎರಡರ ಫೋಟೋ ತೆಗೆದುಕೊಳ್ಳಿ. ಹಾಕರ್ ಸೆಂಟರಾದರೆ ಸರ್ಕಾರದ ಪರಿಸರ ಸಂಸ್ಥೆಯಾದ ಎನ್‌ಇಎಗೆ, ಕೋಪಿಟಿಯಾಮ್ ಅಥವಾ ರೆಸ್ಟೋರೆಂಟಾದರೆ ಗ್ರಾಹಕರ ಸಂಘವಾದ ಕೇಸ್‌ಗೆ ದೂರು ಕೊಡಬಹುದು. ಬೋರ್ಡಿನ ಫೋಟೋ ಇಲ್ಲದ ದೂರು ನಿಲ್ಲುವುದು ಕಷ್ಟ, ಆದ್ದರಿಂದ ಅದನ್ನು ಕೂತ ತಕ್ಷಣವೇ ತೆಗೆದಿಟ್ಟುಕೊಳ್ಳಿ.